ನೂರಕ್ಕೆ ಒಂಬತ್ತು

ರೇಡಿಯೋ ಕೋಣೆಯ ಬಾಗಿಲು ತಳ್ಳಿಕೊಂಡು ಮಾರಿಟ್ ಹೊರಗೆ ಬರುವಷ್ಟರಲ್ಲಿ ಎದುರಿಗೊಬ್ಬ ಗಂಡಸು ನಿಂತಿದ್ದ. ಹಾರ್ಲಿ ಕಾಲೇಜಿನ ಹಸಿರು ಜಾಕೆಟ್ಟು, ಕೂದಲ ಮೇಲೆ ಇನ್ನೂ ಕರಗದ ಹಿಮ, ಬೆರಳುಗಳಿಗೆ ಅಂಟಿಕೊಂಡ ಬಿಳಿ ಟೇಪಿನ ಚೂರು.

"ನೂರಕ್ಕೆ ಒಂಬತ್ತು ಅಂದದ್ದು ನೀವೇನಾ?"

"ನಾನೇ. ಯಾಕೆ?"

"ಹತ್ತು ಅನ್ನಬಹುದಿತ್ತಲ್ಲ. ಒಂದು ಹೆಚ್ಚಿಗೆ ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಮಾರಿಟ್ ಐದಡಿ ಒಂದಿಂಚಿನ ಹೆಣ್ಣು. ಅವನ ಮುಖ ನೋಡಬೇಕಾದರೆ ಕತ್ತೆತ್ತಬೇಕಾಯಿತು. "ಹತ್ತಾಗಿದ್ರೆ ಹತ್ತೇ ಅಂತಿದ್ದೆ. ನಿಮ್ಮ ಹುಡುಗೀರಿಗೆ ನೂರು ಫ್ರೀ ಥ್ರೋ ಕೊಟ್ರೆ ಅರವತ್ತೊಂದೇ ಬುಟ್ಟಿಗೆ ಹಾಕ್ತಾರೆ. ನೀವು ಕೇಳ್ತಿರೋ ಆ ಒಂದು ಅಲ್ಲೇ ಹೋಯ್ತು ನೋಡಿ."

ಅವನು ಸಿಟ್ಟಿನಿಂದಲೇ ಬಂದಿದ್ದ, ಸಿಟ್ಟಿನಿಂದಲೇ ಹೋಗಬೇಕೆಂದೂ ಇದ್ದ. ಆದರೆ ತುಟಿಯ ಒಂದು ಮೂಲೆ ಅವನ ಮಾತು ಕೇಳಲಿಲ್ಲ. ಮೊದಲು ನಗು ಇಣುಕಿತು, ಆಮೇಲೆ ನಕ್ಕದ್ದಕ್ಕೆ ನಾಚಿಕೆ, ಅದರ ಹಿಂದೆಯೇ ನಾಚಿಕೊಂಡದ್ದಕ್ಕೆ ಸಿಟ್ಟು. ಒಂದೇ ನಿಮಿಷದಲ್ಲಿ ಇಷ್ಟೆಲ್ಲ ಓಡಾಡಿದ ಮುಖವನ್ನು ಮಾರಿಟ್ ಹಿಂದೆಂದೂ ಕಂಡಿರಲಿಲ್ಲ. ಅಯೋವಾ ಸೀಮೆಯ ಗಂಡಸರ ಮುಖಗಳು ಚಳಿಗಾಲದ ಹೊಲದ ಹಾಗೆ, ಅಲ್ಲಿ ತಿಂಗಳುಗಟ್ಟಲೆ ಏನೂ ಅಲುಗುವುದಿಲ್ಲ.

ಹಾರ್ಲಿಯಲ್ಲಿ ಗುರುವಾರ ಬೆಳಿಗ್ಗೆ ಏಳೂವರೆಗೆ ಇಡೀ ಊರು ರೇಡಿಯೋ ಹಾಕುತ್ತಿತ್ತು. ಎಂಟು ಸಣ್ಣ ಕಾಲೇಜುಗಳ ಲೀಗು ಅದು. ಮಾರ್ಚ್ ಬಂತೆಂದರೆ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಗಳು ಮೂರು ದಿನ ಒಂದೇ ಊರಿನಲ್ಲಿ ಸೇರಿ ಕಾದಾಡುತ್ತಿದ್ದವು. ಗೆದ್ದ ಒಂದೇ ತಂಡಕ್ಕೆ ರಾಷ್ಟ್ರೀಯ ಟೂರ್ನಮೆಂಟಿನ ಬಾಗಿಲು ತೆರೆಯುತ್ತಿತ್ತು, ಉಳಿದ ಏಳು ಮನೆಗೆ. ಗೆಲ್ಲುವ ಸಾಧ್ಯತೆ ಯಾರಿಗೆ ನೂರಕ್ಕೆ ಎಷ್ಟು ಎಂದು ವಾರವಾರವೂ ರೇಡಿಯೋದಲ್ಲಿ ತೂಗಿ ಹೇಳುವವಳು ಮಾರಿಟ್ ಹೌಗೆನ್. ಮೂವತ್ತನಾಲ್ಕು ವರ್ಷ, ಕೆಲಸ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ. ಹೈಸ್ಕೂಲಿನಲ್ಲಿ ನಾಲ್ಕು ವರ್ಷ ತಂಡದಲ್ಲಿದ್ದೂ ಬೆಂಚು ಬಿಟ್ಟು ಎದ್ದಿರಲಿಲ್ಲ. ಆಗ ಕೈಗೆ ಬಂದ ಸ್ಕೋರ್ ಪುಸ್ತಕವನ್ನು ಈವರೆಗೂ ಬಿಟ್ಟಿರಲಿಲ್ಲ. ಅವಳು ಯಾರನ್ನೂ ಓಲೈಸುವವಳಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು.

"ನಾನು ಎಮಿಲ್ ಕುಚೇರಾ, ಟೀಮಿನ ಟ್ರೈನರ್. ಕಾಲುಳುಕಿದ್ರೆ ಕಟ್ಟೋನು," ಎಂದ ಅವನು. "ನನ್ನ ಹುಡುಗೀರು ಬಸ್ಸಲ್ಲಿ ನಿಮ್ಮ ಮಾತು ಕೇಳಿ ಮುಖ ಸಣ್ಣಗೆ ಮಾಡ್ಕೊಂಡು ಕೂತಿದ್ರು. ನೀವು ಅವ್ರನ್ನ ಯಾವತ್ತಾದ್ರೂ ನೋಡಿದೀರಾ?"

"ಹದಿನಾಲ್ಕು ವರ್ಷದಿಂದ ಒಂದು ಮ್ಯಾಚೂ ಬಿಟ್ಟಿಲ್ಲ."

"ಎಲ್ಲಿ ಕೂತು?"

"ಮೇಲೆ, ಕೊನೇ ಸಾಲಲ್ಲಿ. ಅಲ್ಲಿಂದ ಎಲ್ಲಾ ಕಾಣತ್ತೆ."

"ಅಲ್ಲಿಂದ ಏನೂ ಕಾಣಲ್ಲ ಮಾರಿಟ್," ಎಂದ ಎಮಿಲ್ ಮೆಲ್ಲಗೆ. "ನಾಳೆ ನಾಲ್ಕಕ್ಕೆ ಪ್ರಾಕ್ಟೀಸಿಗೆ ಬನ್ನಿ. ಕೋಚ್ ಹತ್ರ ನಾನು ಕೇಳ್ತೀನಿ."

ಮಾರನೆಯ ದಿನ ಅವಳು ಅಂಗಣದ ಗೆರೆಯಿಂದ ಎರಡೇ ಹೆಜ್ಜೆ ದೂರದಲ್ಲಿ ಕೂತಳು.

ಮೊದಲು ಅವಳನ್ನು ತಬ್ಬಿಬ್ಬು ಮಾಡಿದ್ದು ಸದ್ದು. ಹತ್ತು ಜೊತೆ ಬೂಟುಗಳು ಮರದ ನೆಲವನ್ನು ಕಿತ್ತುಕೊಳ್ಳುವಂಥ ಸದ್ದು, ಅದರ ನಡುವೆ ಉಸಿರು, ಏದುಸಿರು, "ಎಡಕ್ಕೆ, ಎಡಕ್ಕೆ!" ಎನ್ನುವ ಕೂಗು. ತಂಡದ ಮುಖ್ಯ ಆಟಗಾರ್ತಿ ಜೋಸಿ ಅವಳ ಮುಂದೆಯೇ ನೆಗೆದಳು. ಆ ನೆಗೆತದ ಗಾಳಿ ಮಾರಿಟ್‌ಳ ಕೆನ್ನೆಗೆ ತಾಗಿತು. ಒಂದು ಮ್ಯಾಚಿಗೆ ಹದಿನೆಂಟು ಪಾಯಿಂಟು ಎಂದು ನೂರು ಸಲ ಬರೆದಿದ್ದಳಲ್ಲ, ಆ ಹದಿನೆಂಟು ಹೀಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆರಡಿಯ ಹುಡುಗಿ ನೆಲ ಬಿಟ್ಟು, ಗಾಳಿಯಲ್ಲಿ ಒಂದು ಕ್ಷಣ ಏನೋ ಯೋಚಿಸಿದವಳಂತೆ ನಿಂತು, ಆಮೇಲೆ ಚೆಂಡು ಬಿಟ್ಟಳು. ಮಾರಿಟ್ ಪೆನ್ಸಿಲ್ ಹಿಡಿದುಕೊಂಡೇ ಇದ್ದಳು, ಬರೆಯಲು ತೋಚಲಿಲ್ಲ.

"ಹೇಗಿದೆ ಕೆಳಗಿನ ಸಾಲು?" ಎಮಿಲ್ ಬಂದು ಪಕ್ಕದಲ್ಲಿ ಕೂತ.

"ಇವ್ರು ಇಷ್ಟು ಎತ್ತರ ಇದಾರಾ?"

"ನೀವು ಇಷ್ಟು ಗಿಡ್ಡ ಇದೀರಿ, ಅದೂ ಸೇರಿಸ್ಕೊಳ್ಳಿ ಲೆಕ್ಕಕ್ಕೆ."

ಅವಳು ಕೆಂಗಣ್ಣು ಬಿಟ್ಟಳು. ಅವನು ಬೇರೆಲ್ಲೋ ನೋಡುವವನಂತೆ ನಟಿಸಿದ. ನಟನೆ ಅವನಿಗೆ ಬರುತ್ತಿರಲಿಲ್ಲ.

ಅಂದಿನಿಂದ ಮ್ಯಾಚುಗಳಲ್ಲಿ ಅವಳ ಜಾಗ ಕೊನೇ ಸಾಲಿನಿಂದ ಮೂರನೇ ಸಾಲಿಗೆ ಇಳಿಯಿತು. ಪ್ರಾಕ್ಟೀಸಿಗೆ ಮುಂಚೆ ಎಮಿಲ್ ಡಬ್ಬಿ ತೆಗೆಯುತ್ತಿದ್ದ. ಅದರಲ್ಲಿ ಅವನ ತಾಯಿ ಮಾಡಿದ ಕೊಲಾಚೆ, ಗಸಗಸೆ ತುಂಬಿದ ಮೆತ್ತನೆಯ ಬನ್ನು. ಹುಡುಗಿಯರ ಕಾಲಿಗೆ ಅವನು ಟೇಪು ಸುತ್ತುವುದನ್ನು ಅವಳು ತಿನ್ನುತ್ತಲೇ ನೋಡುವಳು. ಅಷ್ಟು ದೊಡ್ಡ ಕೈಗಳು, ಅಷ್ಟು ಹಗುರ. ಎಳೆಯ ಹಕ್ಕಿಯನ್ನು ಹಿಡಿದವನಂತೆ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಒಂದು ಸುಕ್ಕೂ ಬೀಳದಂತೆ ಸುತ್ತಿ, ಕೊನೆಗೊಂದು ಸಲ ಮೃದುವಾಗಿ ತಟ್ಟಿ ಕಳಿಸುತ್ತಿದ್ದ.

"ಏನು ನೋಡ್ತಿದೀರಿ?"

"ಎಷ್ಟು ಸುತ್ತು ಅಂತ ಎಣಿಸ್ತಿದೀನಿ."

"ಸುಳ್ಳು."

"ಹದಿಮೂರು," ಎಂದಳು ಮಾರಿಟ್. ನಿಜವಾಗಿಯೂ ಹದಿಮೂರೇ. ಆದರೆ ಅವಳು ಎಣಿಸಿದ್ದು ಅದೊಂದನ್ನೇ ಆಗಿರಲಿಲ್ಲ.

ಫೆಬ್ರವರಿಯ ಕೊನೆಯ ಬುಧವಾರ ಲೀಗಿನ ಕಡೆಯ ಮ್ಯಾಚು. ಜೋಸಿ ನೆಗೆದು ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟಳು. ಬಿದ್ದ ಸದ್ದು ಇಡೀ ಜಿಮ್ಮಿಗೆ ಕೇಳಿಸಿತು. ಎಮಿಲ್ ಓಡಿಹೋಗಿ ಮಂಡಿಯೂರಿದ. ಕಾಲನ್ನು ಮುಟ್ಟಿದ, ಒತ್ತಿದ, ಆಮೇಲೆ ತಲೆ ಎತ್ತಿದ. ಅವನ ಕಣ್ಣು ನೇರ ಮೂರನೇ ಸಾಲಿಗೆ ಬಂದು ಮಾರಿಟ್‌ಳ ಮೇಲೆ ನಿಂತಿತು.

ಒಂದೇ ಕ್ಷಣ. ಆ ಮುಖದಲ್ಲಿದ್ದದ್ದನ್ನು ಓದಲು ಅವಳಿಗೆ ಅಷ್ಟು ಸಾಕಾಗಿತ್ತು. ಈ ಕಾಲು ಈ ಸೀಸನ್ನಿಗೆ ಮುಗಿಯಿತು.

ಕಾಲೇಜು ಸಣ್ಣ ಉಳುಕು ಎಂದು ಹೇಳಿಕೆ ಕೊಟ್ಟಿತು. ಮಾರನೆಯ ಬೆಳಿಗ್ಗೆ ರೇಡಿಯೋದಲ್ಲಿ, ನಿರೂಪಕ ಆರ್ಲೋ ಮುದುಕ ಕೇಳಿದಾಗ ಮಾರಿಟ್ ಹೇಳಿದಳು, "ಹಾರ್ಲಿಗೆ ನೂರಕ್ಕೆ ಮೂರು. ಜೋಸಿ ಆಡ್ತಾಳೆ ಅನ್ನೋ ನಂಬಿಕೆ ನನಗಿಲ್ಲ."

"ಮೂರಾ!" ಎಂದ ಆರ್ಲೋ. "ಮನಸ್ಸೇನು ಹೇಳತ್ತೆ ಮಗಳೇ?"

"ಮನಸ್ಸಿನ ಮಾತನ್ನ ರೇಡಿಯೋದಲ್ಲಿ ಕೇಳಬಾರದು ಆರ್ಲೋ."

ಮಧ್ಯಾಹ್ನದ ಹೊತ್ತಿಗೆ ಆ ಮಾತು ಉಳಿದ ಏಳೂ ಕಾಲೇಜುಗಳಿಗೆ ಮುಟ್ಟಿತ್ತು. ಒಳಗಿನ ಸುದ್ದಿ ಹೊರಗೆ ಬಿಟ್ಟವನು ಎಮಿಲ್ ಎಂದು ಕಾಲೇಜಿನಲ್ಲಿ ಗುಸುಗುಸು ಎದ್ದಿತು. ಕೋಚ್ ಅವನನ್ನು ಬಾಗಿಲು ಹಾಕಿಕೊಂಡು ಬೈದರಂತೆ, ಕೆಲಸ ಉಳಿದರೆ ಹೆಚ್ಚಂತೆ. ಇದನ್ನು ಮಾರಿಟ್‌ಗೆ ತಿಳಿಸಿದವನೂ ಆರ್ಲೋನೇ.

ಅವಳು ಜಿಮ್ಮಿಗೆ ಓಡಿದಳು. ಎಮಿಲ್ ಟೇಪಿನ ಸುರುಳಿಗಳನ್ನು ಜೋಡಿಸುತ್ತಿದ್ದ.

"ಎಮಿಲ್, ನಾನು ಹಾಗೆ ಹೇಳಬಾರದಿತ್ತು. ನಂಗೆ ತೋಚಲೇ ಇಲ್ಲ, ನಿಮಗೆ ಹೀಗಾಗತ್ತೆ ಅಂತ."

"ಪರವಾಗಿಲ್ಲ," ಎಂದ ಅವನು ಸುರುಳಿಗೆ.

"ನನ್ನ ಕಡೆ ನೋಡಿ ಹೇಳಿ."

ಅವನು ನೋಡಲಿಲ್ಲ. ಸುರುಳಿಗಳು ಮುಗಿದವು. ಜೋಡಿಸಿದ್ದನ್ನೇ ಕೆಡವಿ ಮತ್ತೆ ಜೋಡಿಸತೊಡಗಿದ. ಅವಳು ಸ್ವಲ್ಪ ಹೊತ್ತು ನಿಂತು ಹೊರಟುಬಂದಳು.

ಶುಕ್ರವಾರ ಅವಳು ಕೋಚ್ ಪ್ಲಾಂಬೆಕ್ ಅವರ ಕೋಣೆಯಲ್ಲಿದ್ದಳು. ಇಪ್ಪತ್ತಾರು ವರ್ಷ ಕೋಚಾಗಿದ್ದ ಹೆಂಗಸು, ನರೆತ ಕೂದಲು, ಎದೆಯ ಮೇಲೆ ತೂಗುವ ಕನ್ನಡಕ.

"ಎಮಿಲ್ ನನಗೆ ಒಂದು ಮಾತೂ ಹೇಳಿಲ್ಲ ಕೋಚ್. ಮುಖ ನೋಡಿ ನಾನೇ ತಿಳ್ಕೊಂಡೆ. ಅವ್ರನ್ನ ಕೆಲಸದಿಂದ ತೆಗೀಬೇಡಿ, ಬೇಕಿದ್ರೆ ನನ್ನ ರೇಡಿಯೋ ಮಾತು ನಿಲ್ಲಿಸ್ತೀನಿ. ಇವತ್ತಿಂದಲೇ."

"ಎಮಿಲ್ ಬಾಯಿ ಬಿಡೋನಲ್ಲ, ಅದು ಗೊತ್ತು ನಂಗೆ. ಕೆಲಸದಿಂದ ಯಾರೂ ತೆಗೀತಿಲ್ಲ. ಬೈದದ್ದು ಬೇರೆದಕ್ಕೆ."

"ಯಾವುದಕ್ಕೆ?"

ಕೋಚ್ ಕನ್ನಡಕ ಮೂಗಿಗೇರಿಸಿದರು. "ಹುಡುಗಿ ಬಿದ್ರೆ ಟ್ರೈನರ್ ಕಣ್ಣು ಕಾಲಿನ ಮೇಲಿರಬೇಕು, ಇಲ್ಲ ನನ್ನ ಮೇಲಿರಬೇಕು. ಇವನು ಮೂರನೇ ಸಾಲು ನೋಡಿದ. ಅಲ್ಲೇನಿತ್ತಮ್ಮಾ ನೋಡೋಕೆ?"

ಮಾರಿಟ್‌ಳ ಕಿವಿ ಬಿಸಿಯಾಯಿತು.

"ಎಂಟು ಕಾಲೇಜಿನ ಲೆಕ್ಕ ನಾಲಿಗೆ ತುದೀಲಿದೆ ನಿಮಗೆ. ಹೋಗಿ, ಇದೊಂದು ಲೆಕ್ಕಾನೂ ಮಾಡ್ಕೊಳ್ಳಿ," ಎಂದು ಕೋಚ್ ತಮ್ಮ ಕಾಗದಗಳಿಗೆ ತಿರುಗಿದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಆ ಒಂದು ಕ್ಷಣವನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಕಾಲಿನ ಸುದ್ದಿಯೇನೋ ಆ ಮುಖದಲ್ಲಿತ್ತು. ಆದರೆ ಕಷ್ಟ ಬಂದಾಗ ಮನುಷ್ಯ ತನ್ನವರನ್ನು ಹುಡುಕುವ ಹಾಗೆ ಆ ಕಣ್ಣು ತುಂಬಿದ ಜಿಮ್ಮಿನಲ್ಲಿ ಅವಳೊಬ್ಬಳನ್ನೇ ಹುಡುಕಿಕೊಂಡು ಬಂದಿತ್ತು. ಅವಳು ಸುದ್ದಿಯನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟು ಬಂದಿದ್ದಳು.

ಟೂರ್ನಮೆಂಟು ಮುಂದಿನ ವಾರ, ಮಿಸಿಸಿಪ್ಪಿ ನದಿಯ ದಂಡೆಯ ದೊಡ್ಡ ಊರಿನಲ್ಲಿ. ಮೂರು ದಿನವೂ ಎಮಿಲ್ ಪ್ರೇಕ್ಷಕರಿಗೆ ಬೆನ್ನು ಮಾಡಿಯೇ ಕೂತ. ಮೂರನೇ ಸಾಲಿನಿಂದ ಮಾರಿಟ್‌ಗೆ ಕಂಡದ್ದು ಒಂದು ಹಸಿರು ಜಾಕೆಟ್ಟು, ಚಿಕ್ಕದಾಗಿ ಕತ್ತರಿಸಿದ ಕೂದಲು, ಅದರ ಕೆಳಗೆ ಕೆಂಪಗಾದ ಕತ್ತು. ನೋಡುತ್ತಿದ್ದಾಳೆಂದು ಆ ಕತ್ತಿಗೆ ಗೊತ್ತಿತ್ತು.

ಶುಕ್ರವಾರ ಹಾರ್ಲಿ ನಾಲ್ಕು ಪಾಯಿಂಟಿನಿಂದ ಗೆದ್ದಿತು. ಶನಿವಾರ ಹೆಚ್ಚುವರಿ ಐದು ನಿಮಿಷ ಆಡಿ ಗೆದ್ದಿತು. ಭಾನುವಾರ ಮಧ್ಯಾಹ್ನ ಫೈನಲ್ಲಿಗೆ ಎದುರಾದದ್ದು ಡನ್‌ಮೋರ್, ಆ ವರ್ಷ ಲೀಗಿನಲ್ಲಿ ಒಂದೂ ಸೋಲದ ತಂಡ.

ಮ್ಯಾಚಿಗೆ ಮುಂಚೆ ಜೋಸಿ ಅಂಗಣಕ್ಕಿಳಿದು ಎರಡು ಹೆಜ್ಜೆ ಓಡಿದಳು. ಎಮಿಲ್ ಅವಳ ಮುಂದೆ ಮಂಡಿಯೂರಿ ಕಾಲು ಮುಟ್ಟಿ, ಆಗದೆಂದು ತಲೆಯಾಡಿಸಿದ. ಹುಡುಗಿ ಅವನ ಭುಜದ ಮೇಲೆ ಮುಖವಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬೆಂಚಿನಲ್ಲಿ ಕೂತು, ಗಂಟಲು ಹರಿಯುವ ಹಾಗೆ ಗೆಳತಿಯರ ಹೆಸರು ಕೂಗತೊಡಗಿದಳು. ಮ್ಯಾಚು ಮುಗಿಯುವವರೆಗೂ ನಿಲ್ಲಿಸಲಿಲ್ಲ.

ಮೂವತ್ತು ಸೆಕೆಂಡು ಉಳಿದಾಗ ಹಾರ್ಲಿ ಒಂದೇ ಒಂದು ಪಾಯಿಂಟಿನಿಂದ ಮುಂದಿತ್ತು. ಚೆಂಡು ಡನ್‌ಮೋರ್ ಕೈಯಲ್ಲಿತ್ತು.

ಇಂಥ ಮೂವತ್ತು ಸೆಕೆಂಡುಗಳನ್ನು ಮಾರಿಟ್ ಸಾವಿರ ನೋಡಿದ್ದಳು. ಇಂಥ ಹೊತ್ತಿನಲ್ಲಿ ಡನ್‌ಮೋರ್ ಎಷ್ಟು ಸಲ ಬುಟ್ಟಿಗೆ ಹಾಕಿದೆ ಎಂಬುದು ಅವಳ ಪುಸ್ತಕದಲ್ಲೇ ಇತ್ತು. ಅವಳು ತೆರೆದು ನೋಡಲಿಲ್ಲ.

ಹಾರ್ಲಿಯ ಐದು ಹುಡುಗಿಯರು ಕೈಗಳನ್ನು ಚಾಚಿದರು. ಚೆಂಡು ಎಡಕ್ಕೆ ಹೋಯಿತು, ಅಲ್ಲಿ ಒಬ್ಬಳಿದ್ದಳು. ಬಲಕ್ಕೆ ಹೋಯಿತು, ಅಲ್ಲೂ ಒಬ್ಬಳು. ಒಳಗೆ ನುಗ್ಗಲು ನೋಡಿತು, ಇಬ್ಬರು ಗೋಡೆಯಾದರು. ಯಾರೂ ಯಾರನ್ನೂ ಮುಟ್ಟಲಿಲ್ಲ, ಯಾರೂ ಎಡವಲಿಲ್ಲ. ಮೂರು ದಿನ ಆಡಿ ಸೋತ ಕಾಲುಗಳು, ನೂರು ಫ್ರೀ ಥ್ರೋದಲ್ಲಿ ಮೂವತ್ತೊಂಬತ್ತು ತಪ್ಪಿಸುವ ಹುಡುಗಿಯರು, ಒಂದೇ ಮೈಯ ಹತ್ತು ತೋಳುಗಳಂತೆ ಚೆಂಡಿನ ಜೊತೆ ಹರಿಯುತ್ತಿದ್ದರು. ಇದಕ್ಕೆ ಅವಳ ಪುಸ್ತಕದಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ತಾನು ಎದ್ದು ನಿಂತದ್ದೂ ಅವಳಿಗೆ ತಿಳಿಯಲಿಲ್ಲ.

ಗಂಟೆ ಹೊಡೆಯಿತು. ಚೆಂಡು ಇನ್ನೂ ಡನ್‌ಮೋರ್ ಹುಡುಗಿಯ ಕೈಯಲ್ಲೇ ಇತ್ತು. ಬುಟ್ಟಿಯತ್ತ ಎಸೆಯಲು ಅವರಿಗೆ ಒಂದು ಸಂದೂ ಸಿಕ್ಕಿರಲಿಲ್ಲ.

ಅರೆಕ್ಷಣ ಯಾರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ಕಟ್ಟಡವೇ ಕೂಗಿಕೊಂಡಿತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು, ಜೋಸಿ ಒಂಟಿಕಾಲಿನಲ್ಲಿ ಕುಂಟುತ್ತ ಆ ರಾಶಿಯೊಳಗೆ ಹೊಕ್ಕಳು. ಮಾರಿಟ್‌ಳ ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಆ ಗದ್ದಲದ ನಡುವೆ ಹಸಿರು ಜಾಕೆಟ್ಟು ತಿರುಗಿತು.

ಹತ್ತು ದಿನ ಬಚ್ಚಿಟ್ಟಿದ್ದ ಮುಖ ಅದು. ಅವನು ಏನನ್ನೂ ಮುಚ್ಚಲಿಲ್ಲ. ಬುಟ್ಟಿಗೆ ಏಣಿ ಒರಗಿಸುತ್ತಿದ್ದ ಕೋಚ್ ಪ್ಲಾಂಬೆಕ್ ಅಲ್ಲಿಂದಲೇ ಕೂಗಿದರು, "ನೋಡ್ಕೊಳ್ಳೋ ಕುಚೇರಾ, ಈಗ ನೋಡ್ಕೋ! ನಾಳೆಯಿಂದ ಮತ್ತೆ ಕಾಲು ನೋಡೋ ಕೆಲಸ ಇದೆ!"

ಮಾರಿಟ್ ಮೂರು ಮೆಟ್ಟಿಲಿಳಿದು ಅಂಗಣಕ್ಕೆ ಬಂದಳು.

"ಹತ್ತು ದಿನ," ಎಂದಳು. "ಹತ್ತು ದಿನ ನನ್ನ ಕಡೆ ತಿರುಗಲೂ ಇಲ್ಲ ನೀವು."

"ತಿರುಗಿದ್ರೆ ನಿಮಗೆ ಗೊತ್ತಾಗಿಬಿಡ್ತಿತ್ತು."

"ಜೋಸಿ ಕಾಲಾ? ಅದನ್ನ ನಾನೇ ಊರಿಗೆಲ್ಲ ಸಾರಿದ್ನಲ್ಲ."

"ಕಾಲಲ್ಲ ಮಾರಿಟ್," ಎಂದ ಎಮಿಲ್. ಮುಂದಿನ ಮಾತಿಗೆ ಅವನು ತಡಕಾಡಿದ, ಅದೂ ಮುಖದಲ್ಲೇ ಕಂಡಿತು. "ರೇಡಿಯೋ ಕೋಣೆ ಹೊರಗೆ ನಿಮ್ಮನ್ನ ನೋಡಿದ ದಿನದಿಂದ ಇದೆ ಇದು. ಬಾಯಲ್ಲಿ ನಾನೇ ಹೇಳಬೇಕು ಅಂತಿದ್ದೆ. ನೀವು ಮುಖದಲ್ಲಿ ಓದ್ಕೊಂಡುಬಿಟ್ರೆ ನಂಗೆ ಹೇಳೋಕೆ ಏನು ಉಳೀತಿತ್ತು?"

"ಹೇಳು ಹಾಗಾದ್ರೆ."

'ಹೇಳಿ' ಅನ್ನಲಿಲ್ಲ ಅವಳು. ಅವನಿಗೆ ಅದು ಕೇಳಿಸಿತು. ಕಣ್ಣಿನ ಅಂಚಿನಿಂದ ಶುರುವಾದ ನಗು ಇಡೀ ಮುಖಕ್ಕೆ ಹಬ್ಬಿತು.

"ನೀನಂದ್ರೆ ನಂಗೆ ಪ್ರಾಣ," ಎಂದ. ಮಾರಿಟ್ ಅವನ ದೊಡ್ಡ ಕೈ ಹಿಡಿದುಕೊಂಡಳು. ಹಿಂದೆ ಹುಡುಗಿಯರು, ಗೆದ್ದವರ ವಾಡಿಕೆಯಂತೆ, ಒಬ್ಬೊಬ್ಬರಾಗಿ ಏಣಿ ಹತ್ತಿ ಬುಟ್ಟಿಯ ಬಲೆಯ ಎಳೆ ಕತ್ತರಿಸುತ್ತಿದ್ದರು. ಪ್ರತಿ ಎಳೆಗೂ ಒಂದು ಕೂಗು ಏಳುತ್ತಿತ್ತು.

"ನೀನೇನೂ ಹೇಳಲಿಲ್ಲ," ಎಂದ ಅವನು.

"ನನ್ನ ಮುಖದಲ್ಲಿದೆ. ನೋಡ್ಕೋ."

"ನಂಗೆ ಮುಖ ಓದೋಕೆ ಬರಲ್ಲ ಮಾರಿಟ್."

"ಕಲಿ," ಎಂದಳು ಅವಳು, ಅವನಿಗೆ ಸರಿಯಾಗಿ ಕಾಣಲೆಂದು ಕತ್ತೆತ್ತಿ.

ಅವನು ಬಾಗಿ, ಅವಸರವಿಲ್ಲದೆ, ಕಲಿಯತೊಡಗಿದ.