ಇಪ್ಪತ್ತೇಳನೇ ನಂಬರಿನ ಸ್ಕೀ

ಶನಿವಾರದ ಎರಡನೇ ಹೆಲಿಕಾಪ್ಟರಿನ ಪಕ್ಕದ ಬುಟ್ಟಿಯಿಂದ ಆ ಸ್ಕೀಗಳನ್ನು ಹೊರಗೆಳೆದಾಗ ಫೆನ್ಯಾಗೆ ಮೊದಲು ಬಂದದ್ದು ನಗು. ಯಾವ ಕಾಲದ್ದೋ ಏನೋ, ಅಂಗೈಯಗಲವೂ ಇಲ್ಲದ ಕಡ್ಡಿಗಳು. ಈ ಬೆಟ್ಟಗಳ ಪುಡಿ ಹಿಮದಲ್ಲಿ ಇವನ್ನು ಕಟ್ಟಿಕೊಂಡು ಇಳಿದರೆ ಸೊಂಟದ ತನಕ ಹೂತುಹೋಗುವುದು ಖಂಡಿತ. ಯಾರಪ್ಪಾ ಈ ಧೀರ ಎಂದುಕೊಂಡು ಹೆಸರಿನ ಚೀಟಿ ತಿರುಗಿಸಿದಳು. ನಗು ಅಲ್ಲೇ ನಿಂತಿತು.

ಗಯೆತಾನ್ ಬುಜೋಲ್.

ಡಿಸೆಂಬರಿನಿಂದ ಪ್ರತಿ ವಾರದ ಅತಿಥಿಗಳ ಪಟ್ಟಿಯಲ್ಲೂ ಅವಳು ಹುಡುಕಿದ್ದ ಹೆಸರು ಅದು. ಈ ವಾರದ ಪಟ್ಟಿಯಲ್ಲೂ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಹೊರಟು ಬಂದಿರಬೇಕು. ಬಂದವನು ಬರಿಗೈಯಲ್ಲಿ ಬಂದಿದ್ದರೆ ಫೆನ್ಯಾ ಕುಣಿದಾಡಿಬಿಡುತ್ತಿದ್ದಳು. ಆದರೆ ಸ್ವಂತ ಸ್ಕೀ ಹೊತ್ತುಕೊಂಡು ಬಂದಿದ್ದ.

ಹೆಲಿಕಾಪ್ಟರಿನಲ್ಲಿ ಬೆಟ್ಟದ ತುದಿಗೆ ಹೋಗಿ ಸ್ಕೀ ಮೇಲೆ ಇಳಿಯಲೆಂದು ಈ ಲಾಡ್ಜಿಗೆ ಬರುವ ಅತಿಥಿಗಳು ಸ್ಕೀ ತರುವುದಿಲ್ಲ. ಪುಡಿ ಹಿಮದ ಮೇಲೆ ತೇಲುವ ಅಗಲದ ಸ್ಕೀಗಳನ್ನು ಲಾಡ್ಜೇ ಕೊಡುತ್ತದೆ. ಒಬ್ಬೊಬ್ಬರ ತೂಕ, ಎತ್ತರ, ಧೈರ್ಯ ನೋಡಿ ಜೋಡಿ ಆರಿಸಿ, ಬೂಟನ್ನು ಕಚ್ಚಿ ಹಿಡಿಯುವ ಬೈಂಡಿಂಗ್ ಬಿಗಿದು, ಮೇಣ ತಿಕ್ಕಿ ಕೊಡುವುದು ಫೆನ್ಯಾಳ ಕೆಲಸ. ಹನ್ನೊಂದು ಚಳಿಗಾಲದಿಂದ ಆ ಸ್ಕೀ ಕೋಣೆ ಅವಳದ್ದು. ಒಂದು ಗೋಡೆಯ ಗೂಟಗಳಲ್ಲಿ ಅತಿಥಿಗಳಿಗಾಗಿ ನಂಬರು ಬರೆದ ಸ್ಕೀಗಳು. ಎದುರು ಗೋಡೆಗೆ ಗೈಡುಗಳು, ಅಡುಗೆಯವರು, ಉಳಿದ ಕೆಲಸದವರು ತಂತಮ್ಮ ಸ್ಕೀಗಳನ್ನು ಒರಗಿಸಿಡುತ್ತಾರೆ. ಆ ಕಡೆಯದು ಈ ಕಡೆ ಬರುವಂತಿಲ್ಲ.

ತಮ್ಮದೇ ಬೇಕು ಎಂದು ಹಟ ಹಿಡಿದು ತರುವ ಅತಿಥಿಗಳೂ ವರ್ಷಕ್ಕೆ ನಾಲ್ಕು ಜನ ಇರುತ್ತಾರೆ. ಎರಡನೇ ದಿನ ಮುಖ ಸಪ್ಪೆ ಮಾಡಿಕೊಂಡು ಬಂದು ಲಾಡ್ಜಿನದನ್ನು ಕೇಳುತ್ತಾರೆ. ಅಂಥವರನ್ನು ಕಂಡರೆ ಫೆನ್ಯಾಗೆ ತಮಾಷೆ. ಆದರೆ ಗಯೆತಾನ್ ಅಂಥವನಲ್ಲ.

ಅವನು ದೇಶದ ಆ ತುದಿಯ ರಿಮೂಸ್ಕಿಯಲ್ಲಿ ಬೇಕರಿ ಇಟ್ಟುಕೊಂಡವನು. ವರ್ಷವಿಡೀ ಹಿಟ್ಟು ನಾದಿ, ಚಳಿಗಾಲದಲ್ಲಿ ಒಂದು ವಾರ ಇಲ್ಲಿಗೆ ಬರುವವನು. ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ ತಿರುವು ತಿರುವಿಗೂ ಅವನ ಸ್ಕೀ ಕಳಚಿಕೊಂಡು ಹಿಮದಲ್ಲಿ ಮುಳುಗುತ್ತಿತ್ತು. ಸಂಜೆ ಫೆನ್ಯಾ ಅವನನ್ನು ಬೆಂಚಿನ ಮೇಲೆ ಕೂರಿಸಿ, ಫಾರಮ್ಮಿನಲ್ಲಿ ಬರೆದ ತೂಕ ಸುಳ್ಳು ತಾನೇ ಎಂದು ಕೇಳಿದ್ದಳು. ಎಲ್ಲರೂ ಬರೆಯುವ ಸುಳ್ಳೇ ಅದು. ಕಡಿಮೆ ತೂಕಕ್ಕೆ ಬಿಗಿದ ಬೈಂಡಿಂಗ್ ನಿಜವಾದ ಮೈಭಾರ ಬಿದ್ದೊಡನೆ ಬಾಯಿ ಬಿಡುತ್ತದೆ.

ಅವನು ಆ ಕಡೆ ಈ ಕಡೆ ನೋಡಿ, ಬಗ್ಗಿ, ನಿಜವಾದ ತೂಕವನ್ನು ಅವಳ ಕಿವಿಯಲ್ಲಿ ಹೇಳಿದ್ದ. "ನಮ್ಮಮ್ಮನಿಗೂ ಹೇಳಿಲ್ಲ ಇದನ್ನ," ಎಂದಿದ್ದ. ಕಿವಿಯ ಹತ್ತಿರ ಬೆಚ್ಚಗೆ ಹಿಟ್ಟಿನ ವಾಸನೆ. ಫೆನ್ಯಾ ಸ್ಕ್ರೂ ತಿರುಗಿಸುವುದನ್ನೇ ಮರೆತು ಕೂತಿದ್ದಳು.

ಅಂದು ಅವನಿಗೆ ಕೊಟ್ಟದ್ದು ಇಪ್ಪತ್ತೇಳನೇ ನಂಬರು. ಆಮೇಲಿನ ಎರಡು ವರ್ಷವೂ ಅದೇ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಇಳಿದು ಬಂದು, ಬೈಂಡಿಂಗ್ ಸಡಿಲ ಎಂದೋ ಮೇಣ ಸಾಲದು ಎಂದೋ ನೆಪ ಹೇಳಿ ಬೆಂಚಿನ ಮೇಲೆ ಕೂರುತ್ತಿದ್ದ. ಅವನ ಎಡಗಣ್ಣು ನಗುವಾಗ ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚಿಕೊಳ್ಳುತ್ತದೆ ಎಂಬುದು ಫೆನ್ಯಾಗೆ ಗೊತ್ತಾದದ್ದು ಆ ನೆಪಗಳಿಂದಲೇ.

ಹೋದ ಮಾರ್ಚಿನಲ್ಲಿ ಮ್ಯಾನೇಜರ್ ಲಾರ್ನ್ ಆ ಬೆಂಚಿನ ಮೇಲೆ ಇಬ್ಬರನ್ನೂ ಒಟ್ಟಿಗೆ ಕಂಡ. ಕಂಡದ್ದು ಒಂದೇ ಬ್ರೆಡ್ಡನ್ನು ಮುರಿದು ತಿನ್ನುತ್ತಿದ್ದುದನ್ನು, ಅಷ್ಟೇ. ಆದರೆ ಕೆಲಸದವರು ಅತಿಥಿಗಳ ಜೊತೆ ಸಲಿಗೆ ಬೆಳೆಸಬಾರದು ಎಂಬುದು ಲಾಡ್ಜಿನ ನಿಯಮ. ಮುಂದಿನ ಸಲ ಹೀಗಾದರೆ ಗಂಟುಮೂಟೆ ಕಟ್ಟಬೇಕು ಎಂದು ಕಾಗದದಲ್ಲಿ ಬರೆದೇ ಕೊಟ್ಟ. ಅದೂ ಗಯೆತಾನನ ಎದುರಿಗೇ. ಗಯೆತಾನ್ ಮರುದಿನ ಹೊರಡುವಾಗ, ಮುಂದಿನ ಚಳಿಗಾಲ ಬರುತ್ತೇನೆ ಎಂದಷ್ಟೇ ಹೇಳಿದ.

ಫೆನ್ಯಾ ದುಖೊಬೋರ್ ಎಂಬ ಪಂಥದ ಮನೆತನದವಳು. ಸರ್ಕಾರಕ್ಕೇ ಸೊಪ್ಪು ಹಾಕದ ಅಜ್ಜಿಯರ ಮೊಮ್ಮಗಳು. ಬೇಸಿಗೆಯಿಡೀ ಯೋಚಿಸಿ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಈ ಸಲ ಅವನು ಬಂದರೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ತೀರುವುದು. ಕೆಲಸ ಹೋದರೆ ಹೋಗಲಿ. ಪ್ರೀತಿಯ ಕೋಣೆಯನ್ನು ಬಿಟ್ಟುಹೋಗುವುದು ಸುಲಭವಲ್ಲ, ಅಳು ಬರುತ್ತದೆ, ಆದರೂ ಹೋಗಲಿ.

ಈಗ ನೋಡಿದರೆ, ನಿನ್ನ ಸ್ಕೀಯೂ ಬೇಡ ನೀನೂ ಬೇಡ ಎನ್ನುವ ಹಾಗೆ, ಮುಖಕ್ಕೆ ಹೊಡೆದಂತೆ, ಈ ಕಡ್ಡಿಗಳು.

ಅವನು ಎಲ್ಲರಿಗಿಂತ ಕೊನೆಗೆ ಇಳಿದ. ಬೆನ್ನಿಗೆ ದೊಡ್ಡ ಚೀಲ. ಕೋಟಿನೊಳಗೆ, ಎದೆಯ ಹತ್ತಿರ, ಏನನ್ನೋ ಮಗುವಿನಂತೆ ಅವಚಿಕೊಂಡಿದ್ದ. ಅವಳನ್ನು ನೋಡಿದ ಕೂಡಲೇ ಎಡಗಣ್ಣು ಮುಚ್ಚಿಕೊಂಡಿತು.

"ಫೆನ್ಯಾ, ನಾನು ಈ ಸಲ..."

"ಸ್ಕೀ ತಂದಿದ್ದೀರಿ. ಕಾಣ್ತಿದೆ. ಯಾಕ್ರೀ, ನಮ್ಮದೇನು ಮಾಡಿತ್ತು ನಿಮಗೆ?"

"ಏನೂ ಮಾಡಿಲ್ಲ. ಈ ಸಲ ನನ್ನದೇ ಬೇಕಾಗತ್ತೆ. ಯಾಕಂದ್ರೆ..."

"ಬೇಕಾದ್ರೆ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗಿ. ನನ್ನ ಚೀಟಿ ಅಂಟಿಸದೆ ಹೆಲಿಕಾಪ್ಟರ್ ಹತ್ತಲ್ಲ ಅವು. ನಾನಂತೂ ಅಂಟಿಸಲ್ಲ."

ಅವನು ಮತ್ತೇನೋ ಹೇಳಲು ಬಾಯಿ ತೆರೆದ. ಹೆಲಿಕಾಪ್ಟರ್ ಮೇಲೆದ್ದು ಇಬ್ಬರ ಮೇಲೂ ಹಿಮ ಚೆಲ್ಲಿತು. ಹಿಮ ಇಳಿಯುವಷ್ಟರಲ್ಲಿ ಫೆನ್ಯಾ ಬೆನ್ನು ತಿರುಗಿಸಿ ನಡೆದಿದ್ದಳು.

ಮಧ್ಯಾಹ್ನ ಅತಿಥಿಗಳೆಲ್ಲ ಸಾಲಾಗಿ ನಿಂತು, ಹಿಮದಡಿ ಹೂತವರನ್ನು ಹುಡುಕುವ ಪಾಠ ಕಲಿತರು. ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಗಯೆತಾನ್ ಅಲ್ಲಿರಲಿಲ್ಲ. ತನ್ನ ಕಣ್ಣಿಗೆ ಬೀಳಬಾರದು ಅಂತಲೇ ಪಾಠಕ್ಕೂ ಚಕ್ಕರ್ ಎಂದು ಫೆನ್ಯಾ ಹಲ್ಲು ಕಚ್ಚಿದಳು. ಆಮೇಲೆ ಅವನು ಸ್ಕೀ ಕೋಣೆಯ ಬಾಗಿಲಿಗೆ ಬಂದಾಗ ಅವಳು ಅಂಚು ಮಸೆಯುವ ಯಂತ್ರವನ್ನು ಜೋರಾಗಿ ಹಾಕಿದಳು. ಅವನ ಬಾಯಿ ಆಡುತ್ತಿತ್ತು, ಮಾತು ಕೇಳಲಿಲ್ಲ. ಐದು ಗಂಟೆಗೆ ಮತ್ತೆ ಬಂದ.

"ಐದರ ಮೇಲೆ ಅತಿಥಿಗಳು ಇಲ್ಲಿ ಬರೋ ಹಾಗಿಲ್ಲ," ಎಂದಳು ತಲೆ ಎತ್ತದೆ.

"ಆ ನಿಯಮ ಅತಿಥಿಗಳಿಗೆ ತಾನೇ?"

"ನಿಮಗೂ."

ಅವನು ನಕ್ಕು ಹೊರಟುಹೋದ. ಆ ನಗು ಅವಳ ಹೊಟ್ಟೆ ಉರಿಸಿತು. ಸ್ವಲ್ಪ ಹೊತ್ತಿಗೆ ಅಡುಗೆಯ ಮಿಡೋರಿ ಬಂದು, ಇವತ್ತು ನಮ್ಮ ಅಡುಗೆಮನೆಯಲ್ಲಿ ಏನಾಗಿದೆ ಗೊತ್ತಾ ಮಾರಾಯ್ತಿ ಎಂದು ಶುರು ಮಾಡಿದಳು. ಅವಳನ್ನೂ ಫೆನ್ಯಾ ಮಾತಾಡಲು ಬಿಡಲಿಲ್ಲ. ಒಬ್ಬಳೇ ಕೂತು ಇಪ್ಪತ್ತೇಳನೇ ಜೋಡಿಗೆ ಮೇಣ ತಿಕ್ಕಿದಳು. ಅದು ಆಗಲೇ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಿಕ್ಕುತ್ತ ತಿಕ್ಕುತ್ತ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ಅವನು ಬೇಡ ಅಂದರೆ ಅದು ಅವನ ಮಾತು. ತಾನು ಬೇಕು ಅನ್ನುವುದು ತನ್ನ ಮಾತು. ತನ್ನ ಮಾತನ್ನು ನುಂಗಿಕೊಂಡು ಇನ್ನೊಂದು ಬೇಸಿಗೆ ಕಳೆಯುವುದು ಅವಳಿಂದಾಗದು.

ಊಟದ ಉದ್ದನೆಯ ಮೇಜಿನ ಸುತ್ತ ಅತಿಥಿಗಳೂ ಗೈಡುಗಳೂ ಸೂಪಿಗೆ ಕಾಯುತ್ತಿದ್ದರು. ಲಾರ್ನ್ ಎದ್ದು ನಿಂತು ಸ್ವಾಗತದ ಮಾತು ಆಡುತ್ತಿದ್ದ. ಮೇಣದ ಕಲೆಯ ಏಪ್ರನ್ನಿನಲ್ಲೇ ಫೆನ್ಯಾ ಒಳಗೆ ನಡೆದಳು. ಕುರ್ಚಿಗಳ ಸಾಲಿನಲ್ಲಿ ಗಯೆತಾನ್ ಕಾಣಲಿಲ್ಲ. ಇಲ್ಲದಿದ್ದರೂ ಸರಿ, ಯಾರಾದರೂ ಹೋಗಿ ಹೇಳುತ್ತಾರೆ. ಮೇಜಿನ ತುದಿಗೆ ಹೋಗಿ ನಿಂತಳು.

"ಲಾರ್ನ್, ನನ್ನದೊಂದು ಮಾತಿದೆ. ಹೋದ ವರ್ಷ ನೀವು ಕಾಗದ ಕೊಟ್ಟಿದ್ರಿ. ಅತಿಥಿ ಜೊತೆ ಸಲಿಗೆ ಬೇಡ, ಇನ್ನೊಂದು ಸಲ ಆದ್ರೆ ಮನೆಗೆ ಹೋಗು ಅಂತ. ಆವತ್ತು ನಾನು ತಲೆ ತಗ್ಗಿಸಿದ್ದೆ. ತಗ್ಗಿಸಬಾರದಿತ್ತು. ಗಯೆತಾನ್ ಬುಜೋಲ್‌ನ ನಾನು ಪ್ರೀತಿಸ್ತೀನಿ. ಆತ ಸ್ವಂತ ಸ್ಕೀ ತಂದಿದ್ದಾನೆ, ನನ್ನ ಹಂಗು ಬೇಡ ಅಂತ ಇರಬಹುದು. ಇರಲಿ. ನಾನು ಪ್ರೀತಿಸೋದು ಸುಳ್ಳಾಗಲ್ಲ. ನಾಳೆ ಬೆಳಿಗ್ಗೆ ಹೆಲಿಕಾಪ್ಟರಲ್ಲಿ ನನ್ನ ಕಳಿಸಿ, ಹೋಗ್ತೀನಿ. ಆದ್ರೆ ಹೇಳದೆ ಹೋಗಲ್ಲ."

ಲಾರ್ನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಫೆನ್ಯಾ," ಎಂದ ನಿಧಾನವಾಗಿ, "ಯಾವ ಅತಿಥಿ?"

ಅಡುಗೆಮನೆಯ ಬಾಗಿಲು ತೆರೆದಿತ್ತು. ಅಲ್ಲಿ ಗಯೆತಾನ್ ನಿಂತಿದ್ದ. ಕೊರಳಿಗೆ ಬಿಳಿ ಏಪ್ರನ್, ಮೊಣಕೈವರೆಗೆ ಹಿಟ್ಟು, ಕೈಯಲ್ಲಿ ಮರದ ಹಲಗೆ, ಅದರ ಮೇಲೆ ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡು. ಹಿಂದೆ ಮಿಡೋರಿ ಬಾಯಿಗೆ ಸೆರಗಿನಂತೆ ಟವೆಲು ಒತ್ತಿಕೊಂಡಿದ್ದಳು.

ಲಾರ್ನ್ ಹೇಳಿದ್ದು ಇಷ್ಟು. ಬ್ರೆಡ್ಡು ಮಾಡುತ್ತಿದ್ದವನು ಕೈ ಮುರಿದುಕೊಂಡು ಹೋದ ಮೇಲೆ, ಹತ್ತು ದಿನದ ಹಿಂದೆ ಈ ಮನುಷ್ಯ ಫೋನು ಮಾಡಿದ್ದ. ಬೇಕರಿಯನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ, ಅತಿಥಿಯಾಗಿ ಇನ್ನು ಬರಲಾರೆ, ಕೆಲಸ ಕೊಡುತ್ತೀರಾ ಎಂದಿದ್ದ. ಕೊಟ್ಟಾಯಿತು. ಕೆಲಸದವರು ತಂತಮ್ಮ ಸ್ಕೀ ತರಬೇಕು ಎಂದು ತಿಳಿಸಿಯೂ ಆಯಿತು. "ಕೆಲಸದವರು ಕೆಲಸದವರನ್ನ ಪ್ರೀತಿಸಬಾರದು ಅಂತ ನಿಯಮ ಮಾಡಿದ್ರೆ ನಾನೂ ನನ್ನ ಹೆಂಡತಿನೂ ಮೊದಲು ಗಂಟುಮೂಟೆ ಕಟ್ಟಬೇಕಾಗತ್ತೆ," ಎಂದ.

ಮೇಜಿನ ತುಂಬ ನಗು. ಫೆನ್ಯಾಳ ಮುಖ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಆತ ಅತಿಥಿಯಾಗೇ ಬಂದಿದ್ರೂ ಇದನ್ನೇ ಹೇಳ್ತಿದ್ದೆ. ಬರ್ಕೊಳ್ಳಿ."

"ಬರ್ಕೊಂಡೆ ತಾಯಿ," ಎಂದು ಲಾರ್ನ್ ಕೂತ.

ಗಯೆತಾನ್ ಹತ್ತಿರ ಬಂದು ಹಲಗೆಯನ್ನು ಅವಳ ಮುಂದೆ ಮೇಜಿನ ಮೇಲಿಟ್ಟ. ಬ್ರೆಡ್ಡಿನ ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಉಪ್ಪಿತ್ತು, ಒಂದು ಲೋಟ ನೀರಿತ್ತು. ಫೆನ್ಯಾಳ ಜನರಲ್ಲಿ ಈ ಮೂರನ್ನು ಮುಂದಿಟ್ಟರೆ, ಬಾ, ನಿನಗಿಲ್ಲಿ ಜಾಗವಿದೆ ಎಂದರ್ಥ. ಹೋದ ಮಾರ್ಚಿನಲ್ಲಿ ಆ ಬೆಂಚಿನ ಮೇಲೆ ಅವಳು ಇದನ್ನು ಮಾತಿನ ನಡುವೆ ಒಮ್ಮೆ ಹೇಳಿದ್ದಳು, ಅಷ್ಟೇ. ಅವನು ಮರೆತಿರಲಿಲ್ಲ.

"ರಿಮೂಸ್ಕಿಯಿಂದ ಬ್ರೆಡ್ಡು ಉಬ್ಬಿಸೋ ಹುಳಿಹಿಟ್ಟನ್ನ ಎದೆಗೆ ಅವಚಿಕೊಂಡು ಬಂದೆ, ಚಳಿಗೆ ಸಾಯಬಾರದು ಅಂತ," ಎಂದ ಮೆಲ್ಲಗೆ. "ಮೊದಲ ಬ್ರೆಡ್ಡು ನಿಮಗೆ ಕೊಟ್ಟೇ ಎಲ್ಲಾ ಹೇಳಬೇಕು ಅಂದ್ಕೊಂಡಿದ್ದೆ. ನೀವು ಬಾಯಿ ತೆರೆಯೋಕೆ ಬಿಟ್ರೆ ತಾನೇ?"

"ಈಗ ತೆರಿ."

"ಪ್ರೀತಿಸ್ತೀನಿ, ಫೆನ್ಯಾ. ನೀನು ನನ್ನ ತೂಕ ಕೇಳಿದ ದಿನದಿಂದ."

ಅವಳು ಬ್ರೆಡ್ಡು ಮುರಿದು, ಉಪ್ಪಿಗೆ ಒತ್ತಿ, ತಿಂದಳು. ಇನ್ನೊಂದು ತುಂಡನ್ನು ಅವನ ಬಾಯಿಗಿಟ್ಟಳು, ಅಷ್ಟೂ ಜನರ ಎದುರಿಗೆ.

ಮರುದಿನ ಬೆಳಿಗ್ಗೆ ಒಬ್ಬ ಅತಿಥಿಗೆ ಮಂಡಿನೋವು. ಹೆಲಿಕಾಪ್ಟರಿನಲ್ಲಿ ಒಂದು ಸೀಟು ಖಾಲಿ. ಬ್ರೆಡ್ಡಿನ ಕೆಲಸ ಮುಗಿದಿದ್ದರೆ ಗಯೆತಾನ್ ಹೋಗಬಹುದು ಎಂದು ಲಾರ್ನ್ ಕೂಗಿ ಹೇಳಿದ. ಗಯೆತಾನ್ ಓಡಿ ಬಂದು ತನ್ನ ಕಡ್ಡಿಗಳನ್ನು ಎತ್ತಿಕೊಂಡ. ಫೆನ್ಯಾ ಅವನ್ನು ಕಸಿದುಕೊಂಡು ಇಪ್ಪತ್ತೇಳನೇ ಜೋಡಿಯನ್ನು ಅವನ ಮುಂದೆ ಹಾಕಿದಳು.

"ಅದು ಅತಿಥಿಗಳದ್ದು," ಎಂದು ಲಾರ್ನ್ ಬಾಗಿಲಿನಿಂದ ನೆನಪಿಸಿದ.

"ಅಲ್ಲ. ಏಪ್ರಿಲ್‌ನಲ್ಲಿ ನೀವು ಹಳೇ ಸ್ಕೀ ಮಾರಿದಾಗ ಇದನ್ನ ನಾನು ತಗೊಂಡೆ. ಇನ್ಯಾರದೋ ಕಾಲಿಗೆ ಹೋಗೋದು ನನಗಿಷ್ಟ ಇರಲಿಲ್ಲ. ಬರ್ತಾನೋ ಇಲ್ವೋ ಗೊತ್ತಿರದೇ ಇದ್ದಾಗಲೇ ತಗೊಂಡೆ. ಇದು ಆತನ ಸ್ವಂತ ಸ್ಕೀ."

ಗಯೆತಾನ್ ಸ್ಕೀಗಳನ್ನು ನೋಡಿದ, ಅವಳನ್ನು ನೋಡಿದ. ಈ ಸಲ ಎರಡು ಕಣ್ಣೂ ಮುಚ್ಚಿ ತೆರೆದುಕೊಂಡವು, ಒದ್ದೆಯಾಗಿ. ಅವಳು ಮಂಡಿಯೂರಿ, ಸ್ಕ್ರೂಡ್ರೈವರ್ ಹಿಡಿದು, ತೂಕ ಎಷ್ಟು, ನಿಜ ಹೇಳು ಎಂದಳು. ಅವನು ಬಗ್ಗಿ ಕಿವಿಯಲ್ಲಿ ಹೇಳಿದ.

"ಎರಡು ಕಿಲೋ ಜಾಸ್ತಿ ಆಗಿದ್ದೀಯ."

"ಹುಳಿಹಿಟ್ಟಿನದ್ದೂ ಸೇರಿ."

ಅವಳು ಸ್ಕ್ರೂ ಬಿಗಿದಳು. ಆಳದ ಹಿಮದಲ್ಲಿ ಸ್ಕೀ ಕಳೆದುಹೋದರೆ ಹುಡುಕಲು ಕಟ್ಟುವ ಕೆಂಪು ರಿಬ್ಬನ್ನಿನ ತುದಿಯನ್ನು ಬೈಂಡಿಂಗಿಗೆ ಎರಡು ಗಂಟು ಹಾಕಿ ಬಿಗಿದು, ಬೆಟ್ಟದ ಮೇಲೆ ಪ್ಯಾಂಟಿನ ಕಾಲಿನೊಳಗೆ ತುರುಕಿಕೊಳ್ಳಲೆಂದು ಉಳಿದದ್ದನ್ನು ಸುತ್ತಿಟ್ಟಳು. ಒಂದು ಗಂಟು ಸಾಕು. ಎರಡು ಹಾಕಿದಳು.

ಹೆಲಿಕಾಪ್ಟರ್ ಹೋದ ಮೇಲೆ ಅವನ ಕಡ್ಡಿಗಳು ಅವಳ ಕೈಯಲ್ಲಿ ಉಳಿದವು. ಕೆಲಸದವರ ಗೋಡೆಯಲ್ಲಿ ಜಾಗ ಬೇಕಾದಷ್ಟಿತ್ತು. ಅತಿಥಿಗಳ ಗೋಡೆಯಲ್ಲಿ ಇಪ್ಪತ್ತೇಳನೇ ಗೂಟ ಖಾಲಿಯಾಗಿತ್ತು. ಅದರ ಮೇಲೊಂದು ಕಾಗದ ಅಂಟಿಸಿತ್ತು: ಕೆಲಸದವರ ಸ್ಕೀಗಳನ್ನು ಇಲ್ಲಿ ಇಡಬಾರದು. ಹನ್ನೊಂದು ವರ್ಷದ ಹಿಂದೆ ದಪ್ಪ ಅಕ್ಷರದಲ್ಲಿ ಅದನ್ನು ಬರೆದು ಅಂಟಿಸಿದವಳು ಅವಳೇ. ಇನ್ನೊಮ್ಮೆ ಓದಿದಳು. ಆಮೇಲೆ ಗಯೆತಾನನ ಸ್ಕೀಗಳನ್ನು ಆ ಗೂಟಕ್ಕೇ ತೂಗುಹಾಕಿದಳು.