ಕೆನ್ನೆಯೊಳಗಿನ ಬಿಳಿ ಮಚ್ಚೆ

"ಬಾಯಿ ತೆಗೀರಿ."

ಟಾರ್ಚಿನ ಬೆಳಕು ರುದ್ರಮುನಿಯ ಬಲಗೆನ್ನೆಯೊಳಗೆ ಬಿದ್ದದ್ದೇ ತಡ, ಭುವನಾಳ ಕೈ ನಿಂತುಬಿಟ್ಟಿತು. ದವಡೆ ಹಲ್ಲಿನ ಪಕ್ಕದಲ್ಲಿ ಸುಣ್ಣ ಬಳಿದಂಥ ಬಿಳಿ ಮಚ್ಚೆ...

ಮಧುಗಿರಿಯ ತನ್ನ ಹಲ್ಲಿನ ಆಸ್ಪತ್ರೆಯಲ್ಲಿ ಅವಳು ಇಂಥವನ್ನು ಬೇಕಾದಷ್ಟು ಕಂಡಿದ್ದಳು. ಆದರೆ ಬಾಯಿ ಉರಿ ಎಂದು ಇವತ್ತು ಬಂದು ಕೂತವನು, ಬರುವ ತಿಂಗಳು ಅವಳಿಗೆ ತಾಳಿ ಕಟ್ಟಬೇಕಾದವನು. ಹೊಳವನಹಳ್ಳಿಯ ಶಾಲೆ ಮೇಷ್ಟ್ರು.

"ಇಲ್ಲಿ ಇಟ್ಕೊಳ್ತೀರಾ?"

"ಹೂಂ."

"ಎಷ್ಟು ದಿನದಿಂದ?"

"ಹತ್ತು ದಿನ ಆಯ್ತು."

ಹತ್ತು ದಿನವಂತೆ. ತಂಬಾಕು ಇಟ್ಟುಕೊಳ್ಳುವವರ ಲೆಕ್ಕ ಯಾವಾಗಲೂ ಇಷ್ಟೇ. ಅವಳ ಅಪ್ಪ ರೇಣುಕಯ್ಯನೂ ಹೀಗೇ ಹೇಳುತ್ತಿದ್ದ. ಅರ್ಧ ದವಡೆ ತೆಗೆಸಿಕೊಂಡು, ಗಂಜಿಯನ್ನೂ ನುಂಗಲಾರದೆ ಸತ್ತ.

"ಮಕ್ಕಳಿಗೆ ಪಾಠ ಹೇಳೋ ಬಾಯಿ ಇದು. ನಾಚಿಕೆ ಆಗಲ್ವಾ ನಿಮಗೆ?" ಕೈಗವಸನ್ನು ಕಿತ್ತು ಬುಟ್ಟಿಗೆ ಎಸೆದಳು. "ನೋಡಿದ್ರೆ ಕ್ಯಾನ್ಸರ್ ಥರಾನೇ ಇದೆ. ತುಮಕೂರಿಗೆ ಹೋಗಿ ಚೂರು ತೆಗೆಸಿ ಪರೀಕ್ಷೆ ಮಾಡಿಸಿ. ಈ ಮದುವೆ... ನನ್ನಿಂದ ಆಗಲ್ಲ."

ಅವನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ತುಟಿ ಅಲುಗಿತು. ಎದ್ದು ಹೋದ.

ಮರುದಿನ ಬೆಳಿಗ್ಗೆ ಅವನ ತಾಯಿ ಚನ್ನಮಲ್ಲಮ್ಮ ಬಂದು ಎದುರು ನಿಂತರು.

"ಏನವ್ವಾ ಡಾಕ್ಟ್ರಮ್ಮ, ನನ್ ಮಗ ತಂಬಾಕು, ಕಡ್ಡಿಪುಡಿ ಮುಟ್ಟಿದ್ನ ನೀನು ಕಂಡಿದ್ಯಾ?"

"ಇಟ್ಕೊಳ್ತೀನಿ ಅಂತ ಅವರೇ ಒಪ್ಕೊಂಡ್ರು."

"ಇಟ್ಕಂತಾನೆ ಕಣಮ್ಮ, ಹಲ್ನೋವಿನ ಮಾತ್ರೆಯ! ನುಂಗಿದ್ರೆ ಹೊಟ್ಟೆ ಉರೀತದೆ ಅಂತ, ಹಲ್ಲಿನ ಪಕ್ಕ ಒತ್ತಿಟ್ಕೋ ಅಂದೋಳು ನಾನೇ. ಏನಪ್ಪಾ ಇಟ್ಕಂತೀಯ ಅಂತ ಒಂದ್ ಮಾತು ಕೇಳಕ್ಕೆ ನಿನ್ ಓದು ಸಾಲ್ದೇ ಹೋಯ್ತಾ? ಥೂ."

ಭುವನಾ ತಲೆ ಎತ್ತಲಿಲ್ಲ. ಆ ತಾಯಿಯ 'ಥೂ' ಕಡಿಮೆಯಾಯಿತು ಎನಿಸಿತು ಅವಳಿಗೆ.

"ಅವರು ಎಲ್ಲಿದಾರೆ?"

"ಹೊರ್ಗೆ ಕುಂತವ್ನೆ. ತುಮಕೂರ್ ಬಸ್ಸಿಗೆ ಹೊಂಟಿದ್ದ."

ಒಳಗೆ ಬಂದ ರುದ್ರಮುನಿಯ ಕೆನ್ನೆಯನ್ನು ಅವಳು ಒದ್ದೆ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿದಳು. ಬಿಳಿಯ ಪದರ ಹಾಲಿನ ಕೆನೆಯಂತೆ ಜಾರಿ ಬಂತು. ಕೆಳಗೆ ಕೆಂಪು ಗಾಯ. ತಂಬಾಕಿನ ಮಚ್ಚೆ ಹೀಗೆ ಒರೆಸಿದರೆ ಹೋಗುವಂಥದ್ದಲ್ಲ... ಕಾಲೇಜಿನಲ್ಲೇ ಕಲಿತ ಪಾಠ. ನಿನ್ನೆ ಒರೆಸಿ ನೋಡುವಷ್ಟು ಮರ್ಯಾದೆಯನ್ನೂ ಅವಳು ಅವನಿಗೆ ಕೊಟ್ಟಿರಲಿಲ್ಲ.

"ಮಾತ್ರೆಯಿಂದ ಸುಟ್ಟಿದೆ ಅಷ್ಟೆ. ಇನ್ನು ಇಡಬೇಡಿ. ಎರಡು ವಾರದಲ್ಲಿ ಮಾಯಬೇಕು. ಮಾಯದೇ ಇದ್ರೆ ಮಾತ್ರ ಚೂರು ತೆಗೆದು ನೋಡೋಣ."

ಆ ಎರಡು ವಾರ ಅವಳಿಗೆ ಅನ್ನ ಸೇರಲಿಲ್ಲ. ಹುಳುಕು ಹಲ್ಲಿನ ಚಿಕಿತ್ಸೆಗೆಂದು ಅವನು ಬಂದ, ಬಾಯಿ ತೆಗೆದು ಕೂತ, ಎದ್ದು ಹೋದ.

ಹದಿನೈದನೆಯ ದಿನ ಕೆನ್ನೆ ಪೂರ್ತಿ ಮಾಯ್ದಿತ್ತು.

"ಅವತ್ತೇ ಯಾಕೆ ಹೇಳಲಿಲ್ಲ?" ಅವಳು ಟಾರ್ಚು ಆರಿಸಿದಳು.

"ನೀವು ನೋಡಿದ ನೋಟಕ್ಕೇ ಬಾಯಿ ಕಟ್ಟೋಯ್ತು. ಆಮೇಲೆ ಕ್ಯಾನ್ಸರ್ ಅಂದ್ರಿ... ಇನ್ನೇನು ಹೇಳ್ಲಿ?"

"ತಪ್ಪು ನಂದೇ. ನನಗೆ ನೀವು ಬೇಕು. ನಿಮ್ಮಮ್ಮ ಒಪ್ತಾರಾ?"

"ದಿನಾ ಬೈತಾರೆ. ಆ ಹುಡುಗೀಗೆ ಕಣ್ಣಿಲ್ಲ, ಕೈ ಮಾತ್ರ ಚೆನ್ನಾಗೈತೆ, ನನ್ ಹಲ್ಲೂ ತೋರಿಸ್ಬೇಕು ಅಂತಾರೆ."

ಅವಳಿಗೆ ನಗು, ಅಳು ಎರಡೂ ಬಂದವು. "ನೀವು?"

"ನನಗೆ ನೋವಾಯ್ತು ಭುವನಾ. ಇನ್ನೂ ಹೋಗಿಲ್ಲ."

"ಹೋಗೋವರೆಗೂ ಕಾಯ್ತೀನಿ."

ಅವನು ಅವಳ ಬೆರಳುಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ.

"ಮದುವೆ ಆಗಿ ಕಾಯಿರಿ."