ತುಷಾರನ ಡೊಂಕು ಮಣೆ

"ಅದು ಉಳಿ. ಸ್ಕ್ರೂಡ್ರೈವರ್ ಹಿಡ್ಕಂಡಂಗೆ ಹಿಡ್ಕಳಡ."

ಶಿರಸಿಯ ಆ ಹಾರ್ಡ್‌ವೇರ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹೇಳಿದವಳು ಹೆಗ್ಗರಣೆಯ ಅಭಿಜ್ಞಾ. ಮನೆಯ ಹಳೇ ಕೊಟ್ಟಿಗೆಯಲ್ಲಿ ಕುರ್ಚಿ, ಕಪಾಟು ಮಾಡಿ ಮಾರುವವಳು. ಹೇಳಿಸಿಕೊಂಡವನು ತ್ಯಾಗಲಿಯ ತುಷಾರ, ಸಿದ್ದಾಪುರದ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಮನೆಯಲ್ಲೇ ಮರಗೆಲಸ ಶುರುಮಾಡುತ್ತಾನಂತೆ ಪುಣ್ಯಾತ್ಮ! ನಾಲ್ಕು ವಿಡಿಯೋ ನೋಡಿದ ಧೈರ್ಯಕ್ಕೆ ಬುಟ್ಟಿ ತುಂಬ ಕರೆಂಟಿನ ಯಂತ್ರ ಪೇರಿಸಿಕೊಂಡಿದ್ದ. ಅರ್ಧದ ಹೆಸರೂ ಅವನಿಗೆ ಗೊತ್ತಿರಲಿಲ್ಲ.

"ಉಳಿ ಮಸೆಯಲೆ ಬತ್ತಾ?"

"ಬತ್ತಿಲ್ಲೆ" ಎಂದ, ನಾಚಿಕೆಯೇ ಇಲ್ಲದೆ.

ಅವಳು ಬುಟ್ಟಿಯನ್ನು ಅಂಗಡಿಯವನ ಮುಂದೆ ಸುರಿದಳು. ಒಂದು ಗರಗಸ, ಒಂದೆರಡು ಉಳಿ, ಮರ ನಯಮಾಡಲು ಒಂದು ಕೀಸುಳಿ, ಸಾಣೆಕಲ್ಲು... ಇಷ್ಟೇ ಸಾಕು, ಇವುಗಳಿಂದ ಬೆರಳು ಉಳಿದರೆ ಆಮೇಲೆ ಯಂತ್ರ ನೋಡೋಣ ಎಂದಳು. ಅಂಗಡಿಯವನು ಮುಖ ಸಿಂಡರಿಸಿದ. ತುಷಾರ ಮಾತ್ರ ನಕ್ಕ.

ಆ ನಗುವೇ ಎಡವಟ್ಟಾಯಿತು ನೋಡಿ.

ಆಮೇಲೆ ಭಾನುವಾರವಾದರೆ ಸಾಕು, ಕೆಲಸ ಕಲಿಯಲು ಅವನು ಹೆಗ್ಗರಣೆಗೆ ಹಾಜರು. ಅವನು ಮಸೆದ ಉಳಿ ಬೆಣ್ಣೆಯನ್ನೂ ಕೊಯ್ಯುವುದಿಲ್ಲ ಎಂದು ಅವಳು ಬೈಯುವುದು, ಅವನು ಹೌದೆನ್ನುವುದು. ಬೈಯಲು ಆಳು ಸಿಗದ ಭಾನುವಾರ ಅವಳಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೆ ಪ್ರೀತಿ ಎನ್ನುತ್ತಾರೆಂದು ಗೊತ್ತಾಗದಷ್ಟು ಜಂಬ ಹುಡುಗಿಗೆ!

ಗೊತ್ತಾಗಿದ್ದು ಯಲ್ಲಾಪುರದ ಮರದ ಡಿಪೋದಲ್ಲಿ. ಮರ ಆರಿಸಲು ಬಾ ಎಂದು ಅವನೇ ಕರೆದುಕೊಂಡು ಹೋಗಿದ್ದ.

"ಹಲಸಿಂದು ಬೇಕು. ಎರಡು ಮಣೆಗೆ ಆಪಷ್ಟು" ಎಂದ ತುಷಾರ.



ಹಲಸಿನ ಜೋಡಿ ಮಣೆ! ಅವರ ಕಡೆ ಗಂಡಿನ ಮನೆಯಲ್ಲಿ ಅದನ್ನು ಮಾಡಿಸಿದರೆ ಮದುವೆ ನಿಶ್ಚಯವಾಯಿತೆಂದೇ ಲೆಕ್ಕ. ಒಂದು ಮದುಮಗನಿಗೆ, ಇನ್ನೊಂದು ಮದುಮಗಳಿಗೆ.

'ಯಾವಳೋ ಕೂರುವ ಮಣೆಗೆ ನಾನು ಮರ ಆರಿಸಬೇಕಾ? ಇಷ್ಟು ದಿನ ಬಂದಿದ್ದು ಇದಕ್ಕೇನಾ...'

ಕೇಳಬಹುದಿತ್ತು. ಕೇಳಿದರೆ ಅವಳ ಕಿರೀಟ ಬೀಳುತ್ತಿತ್ತಲ್ಲ! ಹಟಕ್ಕೆ ಬಿದ್ದು ಬಿಳಿ ಅಂಚಿಲ್ಲದ, ಅರಿಶಿನ ಬಣ್ಣದ, ಚೆನ್ನಾಗಿ ಒಣಗಿದ ಹಲಗೆಯನ್ನೇ ಆರಿಸಿಕೊಟ್ಟಳು. ಅಂದಿನಿಂದ ಅವನ ಫೋನ್ ಎತ್ತಲಿಲ್ಲ. ಭಾನುವಾರಗಳಲ್ಲಿ ಕೊಟ್ಟಿಗೆಗೆ ಒಳಗಿಂದ ಚಿಲಕ ಹಾಕಿಕೊಂಡು ಅತ್ತಳು.

ಆ ಮಹಾಶಯನಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಇಲ್ಲ! ಮೊದಲು ಮಣೆ ಮುಗಿಯಬೇಕು, ಆಮೇಲೆ ಮಾತು ಎಂದು ಕೂತಿದ್ದ. ಇತಿಹಾಸ ಓದಿದವನ ಬುದ್ಧಿ.

ಕೊನೆಗೊಂದು ಮಧ್ಯಾಹ್ನ, ಅವಳು ಚಿಲಕ ಹಾಕಲು ಮರೆತಿದ್ದ ಬಾಗಿಲಲ್ಲಿ ತುಷಾರ ನಿಂತಿದ್ದ. ಕಂಕುಳಲ್ಲಿ ಎರಡು ಮಣೆ, ಹೆಬ್ಬೆರಳಿಗೆ ಬ್ಯಾಂಡೇಜು.

ಮಣೆ ಕಂಡವಳೇ ಅವಳು ತಲೆ ತಗ್ಗಿಸಿ ಮತ್ತೆ ಕೀಸತೊಡಗಿದಳು. "ಇಲ್ಲಿಗೆಂತಕ್ಕೆ ತಂದೆ? ನಿನ್ನ ಹೆಂಡ್ತಿಗೆ ಒಯ್ದು ಕೊಡು."

"ಅದಕ್ಕೇ ಆನು ಇಲ್ಲಿಗೆ ತಂದಿದ್ದು."

ಅವಳ ಕೈಯಲ್ಲಿದ್ದ ಕೀಸುಳಿ ನಿಂತಿತು. ತಿರುಗಿ ನೋಡಿದಳು. ಅವನು ನಗುತ್ತಿರಲಿಲ್ಲ.

"ಅಂಗಡಿಯಲ್ಲಿ ಬೈದ್ಯಲೇ, ಅವತ್ತೇ ಆನು ಮನಸ್ಸು ಮಾಡಿದ್ದಿ" ಎಂದ. "ನೀ ಕೂರ ಮಣೆಗೆ ಬೇರೆಯವ್ರು ಉಳಿ ಹಾಕದು ಬ್ಯಾಡ ಅನ್ನಿಸ್ತು."

ಅವಳಿಗೆ ಅಳು, ಸಿಟ್ಟು, ನಗು ಒಟ್ಟಿಗೇ ಬಂತು. ಒಂದು ಮಣೆಯನ್ನು ಕಸಿದು ನೆಲಕ್ಕಿಟ್ಟು ಕೂತಳು. ಅದು ಟಕ್ಕೆಂದು ಒಂದು ಕಡೆ ವಾಲಿತು.

"ಥೂ, ಡೊಂಕು! ಮಂಟಪದಲ್ಲಿ ಆನು ಬಿದ್ರೆ?"

ತುಷಾರ ಇನ್ನೊಂದು ಮಣೆಯನ್ನು ಅವಳ ಪಕ್ಕಕ್ಕೇ ಇಟ್ಟು ಕೂತ. ಅದೂ ವಾಲಿತು, ಅವಳ ಕಡೆಗೇ.

"ಬೀಳಲೆ ಬಿಡ್ತ್ನಿಲ್ಲೆ."

ಅಭಿಜ್ಞಾ ಕಣ್ಣೊರೆಸಿಕೊಂಡು ಅವನ ಹೆಬ್ಬೆರಳಿನ ಬ್ಯಾಂಡೇಜನ್ನು ಸರಿಮಾಡಿದಳು. ಆಮೇಲೆ ಕೀಸುಳಿಯನ್ನು ಅವನ ಕೈಗೆ ಕೊಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು.

"ನಿನ್ನ ಮಣೆ ಸರಿ ಮಾಡನ. ನಂದು ಹಿಂಗೇ ಇರ್ಲಿ."